ಬೆಳ್ಳಗಿನ ಸ್ಪಂಜು

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ನಮ್ಮ ಬೆಳಗಿನ ಬಸ್ಸಿನಲ್ಲಿ ಕಡಲೆಕಾಯಿ ಸಿಪ್ಪೆ ಕೆಳಗೆ ಬೀಳಿಸಿ, ಕಂಡಕ್ಟರ್ ಕುಮಾರಿಯ ಬಾಯಿಗೆ ಸಿಕ್ಕದೆ ಇಳಿದವರನ್ನು ನಾನು ನೋಡಿಲ್ಲ. ನನಗೂ ಬಿದ್ದಿದೆ. ಓದಿದವರೇ ಹೀಗೆ ಮಾಡಿದರೆ ಉಳಿದವರಿಗೆ ಏನು ಹೇಳಲಿ ಸಾರ್ ಎಂದು ಇಡೀ ಬಸ್ಸಿಗೆ ಕೇಳುವಂತೆ ಕೇಳಿ, ಬಿದ್ದ ಸಿಪ್ಪೆಯನ್ನು ನನ್ನ ಕೈಯಿಂದಲೇ ಹೆಕ್ಕಿಸಿದಳು. ನನ್ನ ಹೆಸರು ಶಾಂತಮಲ್ಲಪ್ಪ. ಶಾಂತ ಎನ್ನುವುದು ಹೆಸರಿಗೆ ಮಾತ್ರ. ತೆರಕಣಾಂಬಿ ದಾಟುವವರೆಗೂ ಅವಳ ಜೊತೆ ಜಗಳವಾಡಿದೆ. ಮಾರನೇ ದಿನ ಏನೂ ನಡೆದೇ ಇಲ್ಲವೆಂಬಂತೆ ನನ್ನ ಮಾಮೂಲಿ ಸೀಟಿನ ಮೇಲೆ ಒಂದು ಕಾಗದದ ಪೊಟ್ಟಣ ಇಟ್ಟಿದ್ದಳು, ಸಿಪ್ಪೆ ಹಾಕುವುದಕ್ಕೆ. ಅಂಥ ಹೆಂಗಸು.

ನಾನು ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ದಿನಾ ಹೋಗಿ ಬರುತ್ತೇನೆ, ನನ್ನ ಸೀಟು ಅವಳ ಸೀಟಿನ ಪಕ್ಕಕ್ಕೇ. ಟಿಕೆಟ್ ಕೊಟ್ಟು ಮುಗಿದ ಮೇಲೆ ಅವಳಾಗಿ ಹೇಳಿದ್ದು, ನಾನು ಕೆದಕಿ ಕೇಳಿದ್ದು ಎಲ್ಲ ಸೇರಿ, ಅವಳ ಮನೆಯ ಸಮಾಚಾರ ನನಗೆ ನಮ್ಮ ಮನೆಯದಕ್ಕಿಂತ ಚೆನ್ನಾಗಿ ಗೊತ್ತು ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಹಂಗಿಸಲಿ ಬಿಡಿ, ಸುಳ್ಳೇನಲ್ಲ.

ರಾಮಸಮುದ್ರದಲ್ಲಿ ಅವಳದು ಎರಡು ಕೋಣೆಯ ಮನೆ. ಗಂಡ ನಿಂಗರಾಜು ಅರಿಶಿನದ ಮಂಡಿಯಲ್ಲಿ ಮೂಟೆ ತೂಗುತ್ತಾನೆ. ಪಾಪದವನು, ಸಂಜೆ ಮೈಯೆಲ್ಲ ಹಳದಿಯಾಗಿ ಬಂದವನಿಗೆ ಹಿತ್ತಲಲ್ಲಿ ಸ್ನಾನವಾಗದೆ ಒಳಗೆ ಪ್ರವೇಶವಿಲ್ಲ. ನಾನು ಒಮ್ಮೆ ಆ ಮನೆಗೆ ಹೋಗಿದ್ದೆ. ಒಲೆಯ ಹಿಂದಿನ ಗೋಡೆಯಲ್ಲಿ ಕೂಡ ಒಂದು ಎಣ್ಣೆ ಚುಕ್ಕೆ ಇರಲಿಲ್ಲ. ಇಷ್ಟು ತಿಕ್ಕಿದರೆ ಗೋಡೆ ಸವೆದುಹೋಗುತ್ತದಲ್ಲಮ್ಮ ಎಂದು ತಮಾಷೆ ಮಾಡಿದ್ದಕ್ಕೆ ಅವಳು ನಗಲಿಲ್ಲ.

ಯಾಕೆ ನಗಲಿಲ್ಲ ಎನ್ನುವುದು ಬಹಳ ದಿನದ ಮೇಲೆ, ಬಸ್ಸು ಪಂಕ್ಚರಾಗಿ ದಾರಿಬದಿ ಕೂತಿದ್ದಾಗ ಗೊತ್ತಾಯಿತು. ಅವಳ ತವರು ಹರದನಹಳ್ಳಿ, ಅಪ್ಪ ಅಮ್ಮ ಕೂಲಿಯವರು. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಒಬ್ಬ ಗೆಳತಿಯ ಮನೆಗೆ ಹೋಗಿ ನೀರು ಕೇಳಿದ್ದಳಂತೆ. ಕೊಟ್ಟರು. ಅವಳು ಕುಡಿದು ಇಟ್ಟ ಲೋಟದ ಮೇಲೆ ಆ ಮನೆಯ ಅಜ್ಜಿ ನೀರು ಚಿಮುಕಿಸಿ, ಆಮೇಲೆ ಎತ್ತಿಕೊಂಡು ಒಳಗೆ ಹೋಯಿತು. ಇವಳು ಜಗಲಿಯಲ್ಲಿ ನಿಂತು ನೋಡಿದಳು. ಯಾರ ಮನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕಡೆ ಅದನ್ನು ಕೇಳುವ ಅಗತ್ಯ ಬೀಳುವುದಿಲ್ಲ.

"ಇವ್ರು ಕೊಳಕು ಅಂತ ಯಾರೂ ಅನ್ಬಾರ್ದು ಸಾರ್, ಅಷ್ಟೇ," ಎಂದಳು. ನಾನು ಚಕ್ರ ಬಿಚ್ಚುತ್ತಿದ್ದ ಡ್ರೈವರ್ ಪುಟ್ಟಮಾದುವನ್ನು ಸುಮ್ಮನೆ ಬೈಯತೊಡಗಿದೆ, ಇನ್ನೂ ಎಷ್ಟು ಹೊತ್ತು ಎಂದು.

ಅವಳು ಮದುವೆಯಾಗಿ ಬಂದಾಗ ನಿಂಗರಾಜುವಿನ ತಂಗಿ ಭಾನು ಇನ್ನೂ ಲಂಗ ಹಾಕುವ ಹುಡುಗಿ. ಅತ್ತೆ ರಾಚಮ್ಮನಿಗೆ ಕೂಲಿಗೆ ಹೋಗುವ ಅವಸರ. ಹಾಗಾಗಿ ನಾದಿನಿಯ ತಲೆ ಬಾಚಿದ್ದು, ಹೇನು ತೆಗೆದದ್ದು, ಆಮೇಲೆ ತನ್ನ ಸಂಬಳದಲ್ಲಿ ನರ್ಸಿಂಗ್ ಓದಿಸಿದ್ದು ಎಲ್ಲಾ ಕುಮಾರಿಯೇ. ಹುಡುಗಿ ಒಳ್ಳೆಯವಳು, ಆದರೆ ಉಂಡ ತಟ್ಟೆಯನ್ನು ಉಂಡಲ್ಲೇ ಬಿಟ್ಟು ಏಳುವ ಜಾತಿ. ಅತ್ತಿಗೆ ನಾದಿನಿಗೆ ದಿನಾ ಅದೊಂದೇ ಜಗಳ. ಓದುವಾಗಲೇ ಭಾನು ಎಲ್ಲಿಂದಲೋ ಒಂದು ಅಕ್ವೇರಿಯಂ ತಂದಳು. ಗಾಜಿನ ತೊಟ್ಟಿ, ಒಳಗೆ ನೀರು ಸೋಸುವ ಫಿಲ್ಟರ್, ಒಂದಷ್ಟು ಪುಟಾಣಿ ಪಟ್ಟೆ ಮೀನು, ಒಂದು ಕಿತ್ತಳೆ ಬಣ್ಣದ ಗೋಲ್ಡ್ ಫಿಶ್.

ರಾಚಮ್ಮ ಹಾಸಿಗೆ ಹಿಡಿದಾಗ ತೊಟ್ಟಿಯನ್ನು ಅವಳ ಮಂಚದ ಪಕ್ಕಕ್ಕೆ ಇಟ್ಟರು. ಮುದುಕಿಗೆ ಬೇರೆ ನೋಡುವುದಕ್ಕೆ ಏನಿತ್ತು? ಗೋಲ್ಡ್ ಫಿಶ್ಶನ್ನು ಅವಳು ನನ್ನ ಹೈದ ಎಂದು ಕರೆಯುತ್ತಿದ್ದಳು. ನಡುಗುವ ಬೆರಳಲ್ಲಿ ಕಾಳು ಉದುರಿಸಿದರೆ ಹೈದ ಮೇಲೆ ಬಂದು ತಿಂದು, ಬೆರಳನ್ನೂ ಒಮ್ಮೆ ಮುಟ್ಟಿ ಹೋಗುತ್ತಿದ್ದ. ಮಗಳ ಮೇಲೂ ಆ ಮೀನಿನ ಮೇಲೂ ಕಣ್ಣಿಟ್ಟಿರು ಎಂದು ಸೊಸೆಗೆ ಹೇಳಿಯೇ ರಾಚಮ್ಮ ಕಣ್ಣು ಮುಚ್ಚಿದಳು.

ಭಾನುವಿಗೆ ಗುಂಡ್ಲುಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸವಾಯಿತು. ಅಲ್ಲಿ ಸಿಕ್ಕಿದ್ದು ಇನ್ನೊಬ್ಬ ನರ್ಸಿನ ಜೊತೆ ಹಂಚಿಕೊಳ್ಳುವ ಒಂದು ರೂಮು. ಬೇರೆ ಮನೆ ಮಾಡಿದ ಮೇಲೆ ತೊಟ್ಟಿ ಒಯ್ಯುತ್ತೇನೆ, ಅಲ್ಲಿಯವರೆಗೆ ನೋಡಿಕೋ ಎಂದು ಅತ್ತಿಗೆಗೆ ವಹಿಸಿದಳು. ಹೊರಡುವ ದಿನ ತಿಳಿಸಿ ಹೇಳಿದಳು. ನೀರನ್ನು ಒಂದು ಸಲಕ್ಕೆ ಒಂದು ಬಕೆಟ್ಟು ಮಾತ್ರ ತೆಗೆಯಬೇಕು, ನಲ್ಲಿ ನೀರನ್ನು ಒಂದು ದಿನ ಹಾಗೇ ಇಟ್ಟು ಆಮೇಲೆ ಹಾಕಬೇಕು. ಫಿಲ್ಟರಿನೊಳಗಿನ ಇದ್ದಿಲಿನ ಚೀಲವನ್ನು ತಿಂಗಳಿಗೊಮ್ಮೆ ಬದಲಾಯಿಸಬಹುದು. ಆದರೆ ಸ್ಪಂಜನ್ನು ಅದು ಹರಿದು ಪುಡಿಯಾಗುವವರೆಗೆ ಬದಲಾಯಿಸಬಾರದು. ಕಟ್ಟಿಕೊಂಡರೆ ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಮೆಲ್ಲಗೆ ಹಿಂಡಿ ವಾಪಸ್ಸು ಇಡಬೇಕು. ಎರಡನ್ನೂ ಒಟ್ಟಿಗೆ ಮಾತ್ರ ಮುಟ್ಟಲೇಬಾರದು.

ಎಲ್ಲವನ್ನೂ ಕುಮಾರಿ ತಲೆಯಾಡಿಸಿ ಕೇಳಿಸಿಕೊಂಡಳು. ಕೊಳೆ ನೀರಲ್ಲಿ ಕೊಳೆ ಹಿಂಡುವುದಂತೆ! ತಟ್ಟೆ ತೊಳೆಯದವಳು ಇನ್ನೇನು ಹೇಳುತ್ತಾಳೆ ಎಂದುಕೊಂಡಳು. ಜೊತೆಗೆ ಅಲಮಾರದಲ್ಲಿ ಭಾನು ಮುಂದಕ್ಕೆ ಬೇಕಾಗಬಹುದೆಂದು ತಂದಿಟ್ಟ ಹೊಸ ಸ್ಪಂಜಿನ ಪ್ಯಾಕೆಟ್ಟು ಇತ್ತು. ಅದರ ಮೇಲೆ ತಿಂಗಳಿಗೊಂದು ಹೊಸದು ಹಾಕಿ ಎಂದು ಅಚ್ಚು ಹಾಕಿಸಿದ್ದರು. ಮಾರುವವರು ಬೇರೆ ಏನು ಹಾಕಿಸುತ್ತಾರೆ ಹೇಳಿ.

ಆಗ ಬಂತು ಗ್ರಹಣ. ಕುಮಾರಿ ಮನೆಯ ಕೊಡ, ಹಂಡೆ, ಉಪ್ಪಿನಕಾಯಿ ಜಾಡಿಗೆಲ್ಲ ಗರಿಕೆ ಹಾಕಿದಳು. ಮೀನಿನ ತೊಟ್ಟಿಗೂ ಒಂದು ಎಳೆ ಗರಿಕೆ ಬಿಟ್ಟಳು. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಗ್ರಹಣ ಬಿಟ್ಟ ಮಾರನೇ ಬೆಳಿಗ್ಗೆ ಅವಳಿಗೆ ವಾರದ ರಜೆ. ನಮ್ಮ ಕಡೆ ಎಲ್ಲರೂ ಮಾಡುವಂತೆ ಮನೆಯಲ್ಲಿ ಹಿಡಿದಿಟ್ಟ ನೀರನ್ನೆಲ್ಲ ಚೆಲ್ಲಿದಳು, ನೆಲ ತೊಳೆದಳು. ಕೊನೆಗೆ ನಡುಮನೆಯಲ್ಲಿ ಹಳೆಯ ನೀರು ಉಳಿದದ್ದು ತೊಟ್ಟಿಯಲ್ಲಿ ಮಾತ್ರ. ಗ್ರಹಣ ಹಿಡಿದ ನೀರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತೊಟ್ಟಿಯನ್ನೂ ಬರಿದು ಮಾಡಿದಳು. ಹುಣಸೆಹಣ್ಣು ಉಪ್ಪು ಹಾಕಿ ಕಲ್ಲುಗಳನ್ನೂ ಗಾಜನ್ನೂ ತಿಕ್ಕಿದಳು. ಆಮೇಲೆ ಫಿಲ್ಟರ್ ಬಿಚ್ಚಿದಳು.

ಸ್ಪಂಜು ಕಂದುಬಣ್ಣಕ್ಕೆ ತಿರುಗಿ ಲೋಳೆ ಕಟ್ಟಿತ್ತು. ಕೆರೆಯ ಕೆಸರಿನ ವಾಸನೆ. ತನ್ನ ಮನೆಯೊಳಗೆ, ತಾನು ದಿನಾ ಊದುಬತ್ತಿ ಹಚ್ಚುವ ನಡುಮನೆಯಲ್ಲಿ ಇಂಥದ್ದೊಂದು ಇತ್ತಲ್ಲ ಎಂದು ಅವಳಿಗೆ ಮೈ ಜುಮ್ಮೆಂದಿತು. ಬೀದಿಯಲ್ಲಿ ಕಸದ ಗಾಡಿ ಬರುವ ಸದ್ದು ಕೇಳಿ, ಆ ಸ್ಪಂಜನ್ನೂ ಇದ್ದಿಲಿನ ಚೀಲವನ್ನೂ ಎರಡು ಬೆರಳಲ್ಲಿ ಹಿಡಿದುಕೊಂಡು ಓಡಿ ಹೋಗಿ ಗಾಡಿಗೇ ಹಾಕಿ ಬಂದಳು. ಹೊಸ ಚೀಲ, ಹೊಸ ಸ್ಪಂಜು, ನಲ್ಲಿಯಿಂದ ಆಗಷ್ಟೇ ಹಿಡಿದ ಹೊಸ ನೀರು. ತೊಟ್ಟಿ ಫಳಫಳ ಅಂದಿತು. ಹೆಮ್ಮೆಯಿಂದ ಫೋಟೋ ತೆಗೆದು ಭಾನುವಿಗೆ ಕಳಿಸಿದಳು.

ಎಲ್ಲಾ ನೀರೂ ಬದಲಾಯಿಸಿದೆಯಾ ಅತ್ತಿಗೆ, ಎಂದು ಭಾನು ಕೇಳಿದಳು. ಇಲ್ಲ ಕಣಮ್ಮಿ, ಬರೀ ಗಾಜು ಒರೆಸಿದೆ ಎಂದು ಕುಮಾರಿ ಹೇಳಿಬಿಟ್ಟಳು. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ ಎಂದು ಆಮೇಲೆ ನನ್ನ ಹತ್ತಿರ ಎಷ್ಟು ಸಲ ಅಂದಳೋ. ಸಣ್ಣ ಸುಳ್ಳು. ಯಾರೂ ಹೇಳುವಂಥದ್ದು.

ಕೆಲವು ದಿನ ನೀರು ಗಾಜಿನಂತೆ ತಿಳಿಯಾಗಿತ್ತು. ಆಮೇಲೆ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಒಂದು ಬೆಳಿಗ್ಗೆ ಎರಡು ಪಟ್ಟೆ ಮೀನು ಹೊಟ್ಟೆ ಮೇಲು ಮಾಡಿಕೊಂಡು ತೇಲುತ್ತಿದ್ದವು. ಕುಮಾರಿಗೆ ಹೊಳೆದದ್ದು ಒಂದೇ, ಎಲ್ಲೋ ಕೊಳೆ ಉಳಿದಿದೆ. ಮತ್ತೆ ಎಲ್ಲ ಚೆಲ್ಲಿ, ಸ್ಪಂಜನ್ನು ಕುದಿಯುವ ನೀರಿನಲ್ಲಿ ಅದ್ದಿ ತೊಳೆದಳು. ಮತ್ತೆ ಎರಡು ಸತ್ತವು. ಭಾನುವಿಗೆ ತಿಳಿಯಬಾರದೆಂದು ಅಂಗಡಿಯಿಂದ ಅಂಥವೇ ಪಟ್ಟೆ ಮೀನು ತಂದು ಬಿಟ್ಟಳು. ಅವೂ ಸತ್ತವು. ತಪ್ಪು ಮಾಡಿದ ಭಯಕ್ಕೆ ತೊಳೆಯುವುದು, ತೊಳೆದದ್ದಕ್ಕೆ ಇನ್ನೊಂದು ಸಾಯುವುದು, ಸತ್ತದ್ದಕ್ಕೆ ಮತ್ತೆ ತೊಳೆಯುವುದು. ನಿಂಗರಾಜು ನೋಡಿ ನೋಡಿ ಸಾಕು ಬುಡು ಅಂದರೆ ಅವನ ಮೇಲೇ ರೇಗಿದಳಂತೆ.

ಇದರ ನಡುವೆ ದಿನಾ ಭಾನುವಿನ ಮುಖ ನೋಡಬೇಕಿತ್ತು. ಕುಮಾರಿ ಬೆಳಗಿನ ಬಸ್ಸಿನಲ್ಲಿ ನಾದಿನಿಗೆ ಊಟದ ಡಬ್ಬಿ ತರುತ್ತಿದ್ದಳು. ಭಾನು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದು ತೆಗೆದುಕೊಂಡು, ಸಂಜೆ ಡ್ಯೂಟಿ ಬಿಟ್ಟ ಮೇಲೆ ಖಾಲಿ ಡಬ್ಬಿ ವಾಪಸ್ಸು ಕೊಡುತ್ತಿದ್ದಳು. ಎರಡು ಹೊತ್ತೂ ಒಂದೇ ಪ್ರಶ್ನೆ, ಹೈದ ಹೆಂಗವ್ನೆ ಅತ್ತಿಗೆ? ಎರಡು ಹೊತ್ತೂ ಒಂದೇ ಉತ್ತರ, ಚೆಂದಾಗವ್ನೆ ಕಣಮ್ಮಿ, ಓಡಾಡ್ಕಂಡವ್ನೆ. ನಾನು ಪಕ್ಕದಲ್ಲೇ ಇಳಿಯುತ್ತಾ ಹತ್ತುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಯಾರೋ ಚಿಕ್ಕ ಹುಡುಗನ ವಿಷಯ ಅಂದುಕೊಂಡಿದ್ದೆ.

ಏನೋ ಎಡವಟ್ಟಾಗಿದೆ ಎಂದು ನನಗೆ ಗೊತ್ತಾದದ್ದು ಕಡಲೆಕಾಯಿಯಿಂದ. ಒಬ್ಬ ಮಹಾಶಯ ಚೀಲ ತುಂಬಾ ತಿಂದು ಕಾಲ ಕೆಳಗೆ ಸಿಪ್ಪೆಯ ಗುಡ್ಡೆ ಮಾಡಿದ. ಕುಮಾರಿ ಅದರ ಮೇಲೇ ನಡೆದು ಹೋದಳು. ಪರೀಕ್ಷೆ ಮಾಡೋಣವೆಂದು ನಾನೂ ಎರಡು ಸಿಪ್ಪೆ ಬೇಕೆಂದೇ ಬೀಳಿಸಿದೆ. ನೋಡಿದಳು, ಸುಮ್ಮನೆ ಹೋಗಿ ಕೂತಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮೈಗೆ ಹುಷಾರಿಲ್ಲವೇನಮ್ಮ ಎಂದೆ. ಅಷ್ಟಕ್ಕೇ ಅವಳ ಕಣ್ಣು ತುಂಬಿ ಬಂತು. ಆಗ ಎಲ್ಲವನ್ನೂ ಹೇಳಿದಳು. ತೊಟ್ಟಿಯಲ್ಲಿ ಉಳಿದದ್ದು ಹೈದ ಒಬ್ಬನೇ. ಬಾಲ ಅಂಚಿನಿಂದ ಹರಿದುಹೋಗುತ್ತಿದೆ, ತಳದಲ್ಲಿ ಒಂದು ಮಗ್ಗುಲಾಗಿ ಮಲಗಿದ್ದಾನೆ, ಕಾಳು ಹಾಕಿದರೆ ಏಳುವುದಿಲ್ಲ.

ನನ್ನ ಬಾಯಿ ಗೊತ್ತಲ್ಲ. ಆ ಹುಡುಗಿಗೆ ಹೇಳುವುದು ಬಿಟ್ಟು ನನಗೆ ಹೇಳಿ ಏನು ಉಪಯೋಗ, ನಾನೇನು ಮೀನಿನ ಡಾಕ್ಟರೇ ಎಂದು ಕೂಗಾಡಿದೆ. ಫಿಲ್ಟರಿನ ವಿಷಯ ಗೊತ್ತಿರುವುದು ಅವಳೊಬ್ಬಳಿಗೆ, ಸುಳ್ಳು ಹೇಳಿರುವುದೂ ಅವಳೊಬ್ಬಳಿಗೇ. ಒಳ್ಳೇ ಕೆಲಸ ಮಾಡಿದ್ದೀಯ. ಹೀಗೆಲ್ಲ ಅಂದೆ.  ಅವಳು ತಿರುಗಿ ಜಗಳವಾಡಿದ್ದರೆ ನನಗೂ ಸ್ವಲ್ಪ ಸಮಾಧಾನವಾಗುತ್ತಿತ್ತು.

"ನಮ್ಮತ್ತೆ ಎಲ್ಡನ್ನೂ ನನ್ ಕೈಗೆ ಕೊಟ್ಟೋದ್ಲು ಸಾರ್," ಎಂದಳು. "ಒಂದುನ್ನ ಕೊಲ್ತಾ ಇವ್ನಿ. ಅದ್ನ ಇನ್ನೊಬ್ಳಿಗೆ ಹೆಂಗೆ ಯೋಳ್ಲಿ?"

ಅವತ್ತು ಬೆಳಿಗ್ಗೆಯೂ ಡಬ್ಬಿ ಕೊಡುವಾಗ ಚೆಂದಾಗವ್ನೆ ಎಂದೇ ಹೇಳಿದಳು. ನನಗೆ ಕಚೇರಿಯಲ್ಲಿ ಕೆಲಸ ಹತ್ತಲಿಲ್ಲ. ಒಂದು ಮೀನಿಗೋಸ್ಕರ, ಯಾರದೋ ಮನೆಯ ಮೀನಿಗೋಸ್ಕರ, ಮೇಜಿನ ಮುಂದೆ ಕೂತು ಉಗುರು ಕಡಿಯುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಭಾನು ಖಾಲಿ ಡಬ್ಬಿ ಹಿಡಿದು ಬಂದಳು. ಹೈದ ಹೆಂಗವ್ನೆ ಎಂದು ಕೇಳುವುದಕ್ಕೆ ಬಾಯಿ ತೆರೆದಳೋ ಇಲ್ಲವೋ, ಕುಮಾರಿ ಅವಳ ಕೈ ಹಿಡಿದುಕೊಂಡು ಬಸ್ಸಿನ ಪಕ್ಕಕ್ಕೆ ಎಳೆದಳು. ನಾನು ಕಿಟಕಿಯೊಳಗೇ ಇದ್ದೆ. ನೀರು ಚೆಲ್ಲಿದ್ದು, ಸ್ಪಂಜನ್ನು ಗಾಡಿಗೆ ಹಾಕಿದ್ದು, ಸತ್ತದ್ದು, ತಂದು ಬಿಟ್ಟದ್ದು, ಅವೂ ಸತ್ತದ್ದು, ಒಂದನ್ನೂ ಬಿಡದೆ ಹೇಳಿದಳು. ಭಾನು ತಲೆ ತಗ್ಗಿಸಿಕೊಂಡು ಕೇಳಿದಳು. ಆಶ್ಚರ್ಯಪಡಲಿಲ್ಲ. ಅದು ನನಗೆ ವಿಚಿತ್ರವಾಗಿ ಕಂಡಿತು.

"ನಂಗೆ ಗೊತ್ತಿತ್ತು ಅತ್ತಿಗೆ," ಎಂದಳು. "ಫೋಟೋದಲ್ಲಿ ಫಿಲ್ಟರ್ ಸಂದೀಲಿ ಸ್ಪಂಜು ಬೆಳ್ಗಿತ್ತು."

ಕುಮಾರಿ ಅಳತೊಡಗಿದಳು. ಭಾನುವಿಗೂ ಅಳು ಬಂದಿತ್ತು. ತನ್ನ ತಲೆ ಬಾಚಿ ಓದಿಸಿದವಳ ತಪ್ಪನ್ನು ಎತ್ತಿ ತೋರಿಸುವುದು ಹೇಗೆ, ಅದೂ ತೊಳೆಯುವ ವಿಷಯದಲ್ಲಿ, ಅತ್ತಿಗೆ ತಾನಾಗಿಯೇ ಹೇಳಲಿ ಎಂದು ದಿನಾ ಎರಡು ಹೊತ್ತು ಕೇಳುತ್ತಿದ್ದಳಂತೆ. ಅತ್ತಿಗೆ ಹೇಳಲಿಲ್ಲ, ಇವಳೂ ಒತ್ತಾಯಿಸಲಿಲ್ಲ. "ಬಾಯ್ಬುಟ್ಟು ಕೇಳಿದ್ರೆ ಎಲ್ಲಾ ಬದುಕ್ತಿದ್ವು. ನಾನೂ ಸುಮ್ನಿದ್ಬುಟ್ಟೆ," ಎಂದಳು.

ಇಬ್ಬರೂ ಅಳುತ್ತಾ ನಿಂತರೆ ಮೀನಿನ ಗತಿ ಏನು ಎಂದು ನಾನು ಕಿಟಕಿಯಿಂದ ಕೂಗಿದೆ. ನನ್ನನ್ನು ಯಾರೂ ಕೇಳಿರಲಿಲ್ಲ, ಆದರೂ ಕೂಗಿದೆ. ಭಾನು ಕಣ್ಣೊರೆಸಿಕೊಂಡಳು. ಹೆಪ್ಪು ಇಲ್ಲದೆ ಹಾಲು ಮೊಸರಾಗುತ್ತದೆಯೇ ಅತ್ತಿಗೆ ಎಂದು ಕೇಳಿ, ಆ ಲೋಳೆಯೂ ಹಾಗೇ ಎಂದಳು. ಮೀನು ನೀರಿನಲ್ಲಿ ಬಿಡುವ ಹೊಲಸನ್ನು ತಿಂದು ನೀರನ್ನು ಮೀನು ಬದುಕಲು ಯೋಗ್ಯ ಮಾಡುವ ಕಣ್ಣಿಗೆ ಕಾಣದ ಜೀವಗಳು ಸ್ಪಂಜಿನ ಕಂದಿನಲ್ಲೇ ಇರುವುದು. ಅದು ಹೋದರೆ ನೀರು ಎಷ್ಟು ತಿಳಿಯಾಗಿದ್ದರೂ ವಿಷ. ಸ್ಪಂಜು ಹರಿದರೂ ಅರ್ಧ ಹಳೆಯದು ಅರ್ಧ ಹೊಸದು ಇಟ್ಟು, ಹೊಸದಕ್ಕೆ ಕಂದು ಹಿಡಿದ ಮೇಲೆಯೇ ಹಳೆಯದನ್ನು ತೆಗೆಯಬೇಕು. ನರ್ಸಿಂಗ್ ಹೋಮಿನ ಹಾಲಿನಲ್ಲಿ ಒಂದು ತೊಟ್ಟಿ ಇತ್ತು, ಅದನ್ನು ನೋಡಿಕೊಳ್ಳುವವಳು ಭಾನುವೇ. ಅದರ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ ತರುತ್ತೇನೆ, ಬಸ್ಸು ಬಿಡಬೇಡ ಎಂದು ಓಡಿದಳು.

"ಹಂಗಾರೆ ಅವನ ಪ್ರಾಣವ ನಾನು ಅವತ್ತೇ ಕಸದ ಗಾಡೀಗೆ ಹಾಕ್ಬುಟ್ನಲ್ಲ ಸಾರ್," ಎಂದಳು ಕುಮಾರಿ, ಅವಳು ಓಡಿದ ಕಡೆಯೇ ನೋಡುತ್ತಾ.

ನನ್ನ ತಿಳಿವಳಿಕೆಯಲ್ಲಿ ಕುಮಾರಿ ಬಸ್ಸನ್ನು ತಡ ಮಾಡಿದ್ದು ಅದೊಂದೇ ಸಲ. ಪುಟ್ಟಮಾದು ಹಾರನ್ ಬಾರಿಸಿದ. ಹಿಂದಿನ ಸೀಟಿನವರು ಗೊಣಗಿದರು, ಒಬ್ಬ ಎದ್ದು ನಿಂತು ಕಂಪ್ಲೇಂಟ್ ಕೊಡುತ್ತೇನೆ ಎಂದ. ಕೊಡು ಹೋಗಯ್ಯ, ವಿಳಾಸ ನಾನು ಬರೆದುಕೊಡುತ್ತೇನೆ ಎಂದು ನಾನು ಅವನ ಮೇಲೆ ಬಿದ್ದೆ. ಜೀವಮಾನದಲ್ಲಿ ನನ್ನ ಸಿಟ್ಟು ಯಾರಿಗಾದರೂ ಉಪಯೋಗಕ್ಕೆ ಬಂದಿದ್ದರೆ ಅವತ್ತೇ. ಭಾನು ಏದುಸಿರು ಬಿಡುತ್ತಾ ಬಂದು ಅದೇ ಊಟದ ಡಬ್ಬಿಯನ್ನು ಕೊಟ್ಟಳು. ಒಳಗೆ ಕೆಸರು ನೀರು, ಅದರಲ್ಲಿ ಮುಳುಗಿದ ಸ್ಪಂಜಿನ ತುಂಡು. ಒಣಗಬಾರದು, ತೊಳೆಯಬಾರದು, ಹಾಗೇ ಫಿಲ್ಟರಿಗೆ ಇಡು ಎಂದಳು. ತೊಳೆಯಬಾರದು ಎನ್ನುವುದನ್ನು ಎರಡು ಸಲ ಹೇಳಿದಳು.

ಕುಮಾರಿ ಟಿಕೆಟ್ ಕೊಡಲು ಏಳಬೇಕಾಗಿ ಬಂದಾಗ ಡಬ್ಬಿ ಇಡುವುದಕ್ಕೆ ಜಾಗ ಹುಡುಕಿದಳು. ನೆಲದ ಮೇಲಿಟ್ಟರೆ ಉರುಳುತ್ತದೆ. ನನ್ನ ಕಡೆ ನೋಡಿದಳು, ಕೇಳಲಿಲ್ಲ. ನಾನೇ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡೆ. ಹಳ್ಳದಲ್ಲಿ ಬಸ್ಸು ಎಗರಿದಾಗಲೆಲ್ಲ ಮುಚ್ಚಳದ ಸಂದಿಯಿಂದ ಕಂದು ನೀರು ಪ್ಯಾಂಟಿನ ಮೇಲೆ ಇಳಿಯಿತು. ಅವಳು ಒರೆಸಲು ಬಟ್ಟೆ ಹಿಡಿದು ಬಂದಳು. ಬೇಡಮ್ಮ, ಇರಲಿ ಎಂದೆ. ಚಾಮರಾಜನಗರದವರೆಗೂ ಹಾಗೇ ಕೂತಿದ್ದೆ.

ಮನೆಗೆ ಹೋಗಿ ಅವಳು ಆ ಕೊಳೆಯನ್ನು ಒಂದು ಹನಿಯೂ ಚೆಲ್ಲದಂತೆ ಫಿಲ್ಟರಿನೊಳಗೆ ಇಟ್ಟಳಂತೆ. ಆಮೇಲೆ ತೊಟ್ಟಿಯನ್ನು ತಿಕ್ಕಲಿಲ್ಲ. ಭಾನು ಹೇಳಿದಂತೆ ದಿನಾ ಒಂದು ಚೊಂಬು ಹಳೇ ನೀರು ತೆಗೆದು, ಇಟ್ಟ ನೀರು ಒಂದು ಚೊಂಬು ಹಾಕುವುದು, ಅಷ್ಟೇ. ಗಾಜಿನ ಮೇಲೆ ಹಸಿರು ಪಾಚಿ ಕಟ್ಟಿದರೂ ಕೈ ಕಟ್ಟಿಕೊಂಡು ಕೂತಳು. ಅವಳಿಗೆ ಅದು ಎಂಥ ಹಿಂಸೆ ಎಂದು ನನಗೆ ಗೊತ್ತು. ಬಸ್ಸಿನಲ್ಲಿ ಕಂಬಿಗಳನ್ನು ಎರಡೆರಡು ಸಲ ಒರೆಸುತ್ತಿದ್ದಳು.

ಹೈದ ಬದುಕಿದ. ಮೊದಲು ನೆಟ್ಟಗಾದ, ಆಮೇಲೆ ಒಂದು ದಿನ ಕಾಳಿಗೆ ಎದ್ದ. ಬಾಲದಲ್ಲಿ ಅರ್ಧ ಹೋಗಿದ್ದು ಹಾಗೇ ಉಳಿಯಿತು, ಈಗಲೂ ಓರೆಯಾಗಿ ಈಜುತ್ತಾನೆ. ಭಾನುವಿಗೆ ಗುಂಡ್ಲುಪೇಟೆಯಲ್ಲಿ ಬೇರೆ ಮನೆಯೂ ಸಿಕ್ಕಿತು. ತೊಟ್ಟಿ ಒಯ್ಯಮ್ಮಿ, ನನ್ನ ಕೈಲಿ ಬೇಡ ಎಂದು ಕುಮಾರಿ ಬೇಡಿಕೊಂಡಳು. ಅಮ್ಮ ಕೊಟ್ಟಿದ್ದು ನಿನಗೇ ಅಲ್ಲವಾ ಅತ್ತಿಗೆ ಎಂದು ಭಾನು ಒಯ್ಯಲಿಲ್ಲ.

ಮೊನ್ನೆ ನಾನು ಕಡಲೆಕಾಯಿ ತಿನ್ನುತ್ತಾ, ಎಲ್ಲಾ ಸರಿಹೋಯಿತಲ್ಲಮ್ಮ, ಇನ್ನಾದರೂ ಮುಖ ಬಿಡಿಸು ಎಂದೆ. ಕುಮಾರಿ ನನ್ನ ಕಾಲ ಕೆಳಗಿನ ಒಂದು ಸಿಪ್ಪೆ ಎತ್ತಿ ಪೊಟ್ಟಣಕ್ಕೆ ಹಾಕಿದಳು. ಬೈಯಲಿಲ್ಲ. 

"ಡ್ಯೂಟಿ ಮುಗ್ಸಿ ಬಾಗ್ಲು ತಗ್ದೇಟ್ಗೆ ನನ್ ಕಂಡು ಓಡ್ಬತ್ತನೆ ಸಾರ್," ಎಂದಳು. "ಕಾಳ್ ಹಾಕುದ್ರೆ ನಮ್ಮತ್ತೆಗ್ ಮಾಡ್ತಿದ್ನಂಗೇ ನನ್ ಬೆರಳ ಮುಟ್ಬುಟ್ ಓಯ್ತನೆ. ನಾನ್ ಏನ್ ಮಾಡ್ದೆ ಅಂತ ಅವನ್ಗೆ ಗೊತ್ತಿಲ್ಲ."